ಎರಡು ತಂತಿಗಳು ಕೂಡಿದ ವಾದ್ಯ

ಕನ್ನಡದಲ್ಲಿ 'ತಂತಿ' ಎಂಬ ಮಾತು ಎಷ್ಟು ಕೆಲಸಕ್ಕೆ ಬರುತ್ತದೆಂಬುದನ್ನು ಓದುಗರು ಒಮ್ಮೆ ಯೋಚಿಸಿ ನೋಡಬೇಕು. ಸಂಸ್ಕೃತದ 'ತಂತ್ರೀ' ಶಬ್ದದಿಂದ ತದ್ಭವವಾಗಿ ಬಂದ ಈ ಮಾತು ಮೊದಲು ವೀಣೆಗೆ ಕಟ್ಟಿತು. ಆಮೇಲೆ ಕಂಬದಿಂದ ಕಂಬಕ್ಕೆ ವಿದ್ಯುತ್ತನ್ನು ಒಯ್ಯುವ ಲೋಹದ ಎಳೆಗೂ ಅದೇ ಹೆಸರಾಯಿತು. ನಮ್ಮ ಹಿರಿಯರ ಕಾಲದಲ್ಲಿ 'ತಂತಿ ಬಂತು' ಎಂದರೆ ಮನೆಮಂದಿಯೆಲ್ಲ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಿದ್ದರು. ಆ ಅಂಚೆ ತಂತಿಯ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತಾದರೂ ಮಾತು ಇನ್ನೂ ಉಳಿದುಕೊಂಡಿದೆ. ಹೀಗೆ ನಾದದ ತಂತಿಯೊಂದು, ಸುದ್ದಿಯ ತಂತಿಯೊಂದು; ಹೆಸರು ಮಾತ್ರ ಒಂದೇ.

ಈ ಎರಡು ತಂತಿಗಳೂ ಒಂದೇ ಹಲಗೆಯ ಮೇಲೆ, ಒಂದನ್ನೊಂದು ತಾಗದೆ, ಎರಡು ಮೂರು ಮಿಲಿಮೀಟರುಗಳ ಅಂತರದಲ್ಲಿ ಮಾತನಾಡಿಕೊಳ್ಳುವ ವಾದ್ಯವೊಂದಿದೆ. ಅದೇ ಎಲೆಕ್ಟ್ರಿಕ್ ಗಿಟಾರು. ಪಂಚಾಂಗ, ನಿಘಂಟು, ಛಂದಸ್ಸುಗಳ ನಡುವೆ ಕೂದಲು ಹಣ್ಣಾದ ಕನ್ನಡ ಪಂಡಿತನಿಗೆ ಈ ಗದ್ದಲದ ವಾದ್ಯದ ಗೊಡವೆ ಏಕೆಂದು ಕೆಲವರು ಕೇಳಬಹುದು. ಗದ್ದಲದ ಮಾತು ಹಾಗಿರಲಿ. ಈ ವಾದ್ಯ ಹುಟ್ಟಿದ್ದು ದೊಡ್ಡ ಕಾರ್ಖಾನೆಗಳಲ್ಲಿ, ವಾದ್ಯತಯಾರಿಕೆಯ ಘನ ಮನೆತನಗಳಲ್ಲಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವ ಬೇರೆ. ಬಿಡುವಿನ ವೇಳೆಯಲ್ಲಿ, ಮನೆಯ ಮೇಜಿನ ಮೇಲೆ, ಹಳೆಯ ಮರ ಮತ್ತು ರೇಡಿಯೋದ ಬಿಡಿಭಾಗಗಳನ್ನು ಕೂಡಿಸಿ, ಹವ್ಯಾಸಿಗಳು ಕೈಯಾರೆ ಮಾಡಿದ ವಾದ್ಯವಿದು. ಆದುದರಿಂದ ಬಾನುಲಿಯ ಪುಟಗಳಲ್ಲಿ ಇದರ ಚರಿತ್ರೆಗೆ ಎಡೆಯಿರುವುದು ನ್ಯಾಯವೇ.

ಮೊದಲು ಇದು ನುಡಿಯುವ ಬಗೆಯನ್ನು ತಿಳಿಯೋಣ. ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ತಂತಿಯ ಸಣ್ಣ ದನಿ ಆ ಟೊಳ್ಳಿನೊಳಗೆ ಹೊಕ್ಕು ದೊಡ್ಡದಾಗಿ ಹೊರಬರುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಟೊಳ್ಳು ಬೇಡ; ಅದರ ಒಡಲು ಗಟ್ಟಿ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತದ ತುಂಡುಗಳನ್ನು ನಿಲ್ಲಿಸಿ, ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ. ಅಲುಗಿದಂತೆಲ್ಲ ತಾಮ್ರದ ಸುರುಳಿಯಲ್ಲಿ ವಿದ್ಯುತ್ತಿನ ಸಣ್ಣ ಅಲೆ ಏಳುತ್ತದೆ. ಆ ಅಲೆ ಬಹು ಕ್ಷೀಣ. ಧ್ವನಿವರ್ಧಕ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುತ್ತದೆ. ಈ ತತ್ತ್ವವನ್ನು ಮೈಕೆಲ್ ಫ್ಯಾರಡೆ ಕಂಡದ್ದು 1831ರಲ್ಲಿ. ಟೆಲಿಫೋನು ಹುಟ್ಟಿದ್ದು ಇದರಿಂದಲೇ. ಗಿಟಾರಿನ ಈ 'ಪಿಕಪ್' ಎಂಬ ಅಂಗವು ಟೆಲಿಫೋನಿನ ಕಿವಿಗೊಳವೆಗೆ ದಾಯಾದಿಯೆಂದರೆ ತಪ್ಪಾಗಲಾರದು.

ಫ್ಯಾರಡೆಯಿಂದ ಸರಿಯಾಗಿ ನೂರು ವರ್ಷಗಳ ಮೇಲೆ, 1931ರಲ್ಲಿ, ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಜಾರ್ಜ್ ಬೋಷಾಂ ಎಂಬ ಹವಾಯಿಯನ್ ಗಿಟಾರು ವಾದಕ ಈ ತತ್ತ್ವವನ್ನು ತಂತಿವಾದ್ಯಕ್ಕೆ ಒಗ್ಗಿಸಿದ. ಬ್ಯಾಂಡಿನ ಕಹಳೆ ಡೋಲುಗಳ ನಡುವೆ ಅವನ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಅದೇ ಅವನ ಸಂಕಟ. ಬಟ್ಟೆ ಒಗೆಯುವ ಯಂತ್ರದ ಮೋಟಾರನ್ನು ಕಿತ್ತು ತಾಮ್ರದ ಸುರುಳಿ ಸುತ್ತಿದನೆಂದು ಹೇಳುತ್ತಾರೆ. ಮೊದಲ ಮಾದರಿ ಕೈಯಿಂದ ಕೆತ್ತಿದ ಮರದ್ದು. ದುಂಡು ಒಡಲು, ಉದ್ದ ಹಿಡಿ ಇದ್ದುದರಿಂದ ಜನ ಅದನ್ನು 'ಬಾಣಲೆ' ಎಂದು ಕರೆದರು. 1932ರಿಂದ ರಿಕನ್‌ಬ್ಯಾಕರ್ ಎಂಬವನ ಕಾರ್ಖಾನೆ ಅದನ್ನು ಅಲ್ಯೂಮಿನಿಯಮಿನಲ್ಲಿ ಎರಕ ಹೊಯ್ದು ಮಾರಿತು. ಹಕ್ಕುಪತ್ರಕ್ಕೆ 1934ರಲ್ಲಿ ಅರ್ಜಿ ಹಾಕಿದರೆ ಅದು ಕೈಗೆ ಬಂದದ್ದು 1937ರಲ್ಲಿ. ಇದು ಸಂಗೀತದ ಸಾಮಾನೋ ವಿದ್ಯುತ್ತಿನ ಸಾಮಾನೋ ಎಂದು ಅಲ್ಲಿನ ಕಚೇರಿಯವರಿಗೆ ಬಗೆಹರಿಯಲಿಲ್ಲವಂತೆ. ವಾದಕರನ್ನೇ ಕಳುಹಿಸಿ ನುಡಿಸಿ ತೋರಿಸಬೇಕಾಯಿತಂತೆ. ಎರಡು ತಂತಿಗಳಿಗೂ ಒಂದೇ ಹೆಸರಿಟ್ಟ ಕನ್ನಡಿಗರ ಮುಂದೆ ಆ ಅರ್ಜಿ ಬಂದಿದ್ದರೆ ಇಷ್ಟು ತೊಡಕಾಗುತ್ತಿರಲಿಲ್ಲವೇನೋ!

ಮುಂದಿನ ಹೆಜ್ಜೆ ಲೆಸ್ ಪಾಲ್ ಎಂಬವನದು. ಈತ ವಾದಕನೂ ಹೌದು, ಬಾಲ್ಯದಿಂದ ರೇಡಿಯೋ ಬಿಚ್ಚಿ ಕಟ್ಟಿದ ಹವ್ಯಾಸಿಯೂ ಹೌದು. 1940ರ ಸುಮಾರಿಗೆ ನ್ಯೂಯಾರ್ಕಿನ ಎಪಿಫೋನ್ ವಾದ್ಯ ಕಾರ್ಖಾನೆಯಲ್ಲಿ, ಕೆಲಸಗಾರರಿಲ್ಲದ ರವಿವಾರಗಳಂದು ಕುಳಿತು, ನಾಲ್ಕು ಅಂಗುಲ ಚೌಕದ ಒಂದು ತೊಲೆಗೆ ತಂತಿ ಕಟ್ಟಿ, ತಾನೇ ಮಾಡಿದ ಪಿಕಪ್ಪುಗಳನ್ನು ಕೂರಿಸಿದ. ಬರಿಯ ತೊಲೆಯನ್ನು ಹಿಡಿದು ಬಂದವನನ್ನು ಜನ ವಿಚಿತ್ರವಾಗಿ ನೋಡಿದರಂತೆ. ಹಳೆಯ ಗಿಟಾರೊಂದರ ಟೊಳ್ಳು ಒಡಲನ್ನು ಸೀಳಿ, ಎರಡು ಹೋಳುಗಳನ್ನು ತೊಲೆಯ ಇಕ್ಕೆಲಗಳಿಗೂ ರೆಕ್ಕೆಯಂತೆ ಅಂಟಿಸಿದ ಮೇಲೆ ಅದೇ ನಾದವನ್ನು ಮೆಚ್ಚಿ ತಲೆದೂಗಿದರು. ಕಣ್ಣು ಒಪ್ಪದೆ ಕಿವಿ ಒಪ್ಪುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಗಿಬ್ಸನ್ ಕಂಪೆನಿಯವರು ಮೊದಲು ಈ ತೊಲೆಯನ್ನು ಕಂಡು ನಕ್ಕರು; 1952ರಲ್ಲಿ ಅವನದೇ ಹೆಸರಿಟ್ಟು ಗಟ್ಟಿ ಒಡಲಿನ ಗಿಟಾರನ್ನು ಮಾರಾಟಕ್ಕೆ ತಂದರು.

ಆದರೆ ನನ್ನ ಮಟ್ಟಿಗೆ ಈ ಚರಿತ್ರೆಯ ನಾಯಕ ಲೆಸ್ ಪಾಲ್ ಅಲ್ಲ, ಲಿಯೋ ಫೆಂಡರ್. ಈತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಓದಿದ್ದು ಲೆಕ್ಕಪತ್ರ, ಹೊಟ್ಟೆ ಹೊರೆದದ್ದು ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ತೆರೆದ ರೇಡಿಯೋ ರಿಪೇರಿ ಅಂಗಡಿಯಿಂದ. ಕೆಟ್ಟ ರೇಡಿಯೋ, ಕೆಟ್ಟ ಧ್ವನಿವರ್ಧಕಗಳನ್ನು ಹೊತ್ತುಕೊಂಡು ಬರುತ್ತಿದ್ದ ವಾದಕರ ದೂರುಗಳನ್ನು ಕೇಳಿ ಕೇಳಿ, ಬೆಸುಗೆ ಹಾಕುವವನ ಬುದ್ಧಿಯಿಂದ ಒಂದು ಗಿಟಾರನ್ನು ಯೋಚಿಸಿದ. ಒಡಲು ಚಪ್ಪಟೆ ಹಲಗೆ. ದಂಡಿಯನ್ನು ಅಂಟಿಸಿಲ್ಲ, ನಾಲ್ಕು ತಿರುಪುಮೊಳೆಗಳಿಂದ ಬಿಗಿದಿದ್ದಾನೆ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. 1950ರಲ್ಲಿ ಇದಕ್ಕೆ ಅವನಿಟ್ಟ ಹೆಸರು 'ಬ್ರಾಡ್‌ಕಾಸ್ಟರ್', ಎಂದರೆ ಬಾನುಲಿಗ! ಬೇರೊಂದು ಕಂಪೆನಿಯ ಡೋಲಿಗೆ ಅದೇ ಉಚ್ಚಾರದ ಹೆಸರಿದ್ದುದರಿಂದ 1951ರಲ್ಲಿ 'ಟೆಲಿಕಾಸ್ಟರ್' ಎಂದು ಬದಲಿಸಬೇಕಾಯಿತು. ಇಂದಿಗೂ ಮನೆಯಲ್ಲಿ ಗಿಟಾರು ಮಾಡಹೊರಡುವ ಹವ್ಯಾಸಿಗಳಲ್ಲಿ ಬಹುಮಂದಿ ಹಿಡಿಯುವುದು ಫೆಂಡರನ ದಾರಿಯನ್ನೇ. ಗರಗಸ, ಉಳಿ, ಬೈರಿಗೆ, ಬೆಸುಗೆಯ ಕಡ್ಡಿ ಇವಿಷ್ಟನ್ನು ಹಿಡಿಯಬಲ್ಲವನಿಗೆ ಆ ದಾರಿ ತೆರೆದಿದೆ.

ಇಂಥ ಹವ್ಯಾಸ ಆಗ ನಮ್ಮ ನಾಡಿನಲ್ಲಿ ಇರಲಿಲ್ಲವೆನ್ನಬಾರದು. ಬೋಷಾಂನ ಬಾಣಲೆ ಮಾರಾಟಕ್ಕೆ ಬಂದ ಮೂರೇ ವರ್ಷಕ್ಕೆ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಾಸದ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಇಡೀ ದೇಶದ ಬಾನುಲಿಗೆ ಇಂದು ಹೆಸರಾಗಿರುವ 'ಆಕಾಶವಾಣಿ' ಎಂಬ ಮಾತು ಆ ಮನೆಯ ನಿಲಯದ ಹೆಸರು. ಮನಸ್ಸಿನ ಶಾಸ್ತ್ರ ಹೇಳುವ ಮೇಷ್ಟರಿಗೆ ಪ್ರೇಷಕದ ತಂಟೆ ಏಕೆಂದು ಆಗಲೂ ಯಾರಾದರೂ ಕೇಳಿರಬಹುದು.

ಈಗ ನಮ್ಮ ಮಂಗಳೂರಿಗೆ ಬರೋಣ. ಗಿಟಾರು ಈ ಊರಿಗೆ ಹೊಸತಲ್ಲ. ಇಲ್ಲಿನ ಕೊಂಕಣಿ ಕ್ರೈಸ್ತರ ಮದುವೆ, ಇಗರ್ಜಿ, ಹಾಡಿನ ಸಂಜೆಗಳಲ್ಲಿ ಅದು ಮನೆಯ ಮಗುವಿನಂತೆ ಬೆಳೆದಿದೆ. ವಿಲ್ಫಿ ರೆಬಿಂಬಸ್ (1942–2010) ಅವರ ಕೊಂಕಣಿ ಹಾಡುಗಳನ್ನು ಗುನುಗದ ಕ್ರೈಸ್ತ ಮನೆ ಈ ಕರಾವಳಿಯಲ್ಲಿ ಅಪೂರ್ವ. ಆದರೆ ಗಿಟಾರನ್ನು ನುಡಿಸಿದವರು ಅನೇಕರು, ಮಾಡಿದವರು ವಿರಳ. ಅಂಗಡಿಯಿಂದ ತಂದು ನುಡಿಸುವುದೇ ರೂಢಿ. ಹೀಗಿರುವಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಲೆಕ್ಟ್ರಿಕ್ ಗಿಟಾರನ್ನು ಕೈಯಾರೆ ಮಾಡಲು ಹೊರಟ. ದಿನವಿಡೀ ಬೇರೆ ಉದ್ಯೋಗ; ರಾತ್ರಿ ಮತ್ತು ರವಿವಾರ ಈ ಕೆಲಸ. ಅಳತೆಯ ಲೆಕ್ಕ, ವಾದ್ಯದ ಅಂಗಗಳ ಹೆಸರು ಎಂದು ಆಗಾಗ ನನ್ನಲ್ಲಿಗೆ ಬರುತ್ತಿದ್ದುದರಿಂದ ಆ ವಾದ್ಯ ಹಂತ ಹಂತವಾಗಿ ಎದ್ದುದನ್ನು ನಾನು ಕಂಡೆ. ಹೆಸರುಗಳ ವಿಷಯದಲ್ಲಿ ಅವನಿಗೆ ನಾನು ಹೇಳಿದ್ದು ಇಷ್ಟೇ: ಹೊಸ ಮಾತು ಹುಟ್ಟಿಸುವ ಶ್ರಮ ಬೇಡ, ವೀಣೆಯವರು ಕೊಟ್ಟಿದ್ದಾರೆ. ಕುತ್ತಿಗೆಗೆ ದಂಡಿ, ತಂತಿ ಬಿಗಿಯುವುದಕ್ಕೆ ಬಿರಡೆ, ತಂತಿಯನ್ನು ಹೊರುವುದಕ್ಕೆ ಕುದುರೆ, ದಂಡಿಯ ತುದಿಯ ಕಟ್ಟೆಗೆ ಮೇರು, ಬೆರಳಿಡುವ ಅಡ್ಡಪಟ್ಟಿಗೆ ಮೆಟ್ಟು. ಒಂದೂ ಕಡಮೆ ಬೀಳಲಿಲ್ಲ.

ಮರ ಎಲ್ಲಿಂದ? ಇಲ್ಲಿ ಮಂಗಳೂರಿನ ಚರಿತ್ರೆ ಅವನ ನೆರವಿಗೆ ಬಂತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದುದು ಸುವಿದಿತ. ಮುಳಿಹುಲ್ಲಿನ ಮಾಡುಗಳು ಇಳಿದು ಕೆಂಪು ಹೆಂಚಿನ ಮಾಡುಗಳೆದ್ದವು. ಅವುಗಳನ್ನು ಹೊರಲು ತೇಗ, ಹಲಸುಗಳ ತೊಲೆ, ಪಕ್ಕಾಸು, ರೀಪುಗಳು ಸಾವಿರಗಟ್ಟಲೆ ಮನೆಗಳನ್ನು ಸೇರಿದವು. ಇಂದು ಆ ಮನೆಗಳು ಒಂದೊಂದಾಗಿ ಬೀಳುತ್ತಿವೆ, ಬಹುಮಹಡಿಗಳು ಏಳುತ್ತಿವೆ. ಬಿಚ್ಚಿದ ಮರ ಹಳೆ ಸಾಮಾನಿನ ಅಂಗಳಗಳಲ್ಲಿ ರಾಶಿ ಬಿದ್ದಿರುತ್ತದೆ. ನೂರು ಮಳೆಗಾಲ ಕಂಡು, ಹೆಂಚಿನಡಿಯ ಬಿಸಿಯಲ್ಲಿ ಒಣಗಿ, ಸೆಡೆಯುವುದನ್ನೂ ಬಾಗುವುದನ್ನೂ ಎಂದೋ ಮುಗಿಸಿದ ಮರಕ್ಕಿಂತ ವಾದ್ಯಕ್ಕೆ ಒಳ್ಳೆಯ ಮರ ಬೇರೆ ಯಾವುದು? ಅವನು ದಂಡಿಗೆ ತೇಗದ ಪಕ್ಕಾಸೊಂದನ್ನು, ಒಡಲಿಗೆ ಹಲಸಿನ ಹಲಗೆಯೊಂದನ್ನು ಆರಿಸಿದ. ವೀಣೆಯ ಕೊಡಕ್ಕೆ ಹಲಸೇ ಮೇಲೆಂಬುದು ತಂಜಾವೂರಿನವರ ಮತ. ಬೆರಳ ಹಲಗೆಗೆ ಮನೆಯಲ್ಲಿ ಮುರಿದುಬಿದ್ದಿದ್ದ ಮಂಚವೊಂದರ ಬೀಟೆಯ ಕಾಲನ್ನು ಸೀಳಿಸಿದ.

ಇದೇ ಕೆಲಸವನ್ನು ಅರುವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಶಾಲಾ ಬಾಲಕ ಮಾಡಿದ್ದ. 1963ರಲ್ಲಿ ಬ್ರಯನ್ ಮೇ ಎಂಬ ಹುಡುಗ, ಗಿಟಾರು ಕೊಳ್ಳಲು ದುಡ್ಡಿಲ್ಲದೆ, ಎಲೆಕ್ಟ್ರಾನಿಕ್ಸ್ ಬಲ್ಲ ತನ್ನ ತಂದೆಯ ಜತೆ ಕುಳಿತು, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರದಿಂದ ದಂಡಿಯನ್ನೂ ಹಳೆ ಮೇಜಿನ ಓಕ್ ಮರದಿಂದ ಒಡಲನ್ನೂ ಕಡೆದ. ತಂತಿಯನ್ನು ಸಡಿಲಿಸಿ ನಾದವನ್ನು ಓಲಾಡಿಸುವ ಸನ್ನೆಗೆ ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳು. ಮೆಟ್ಟುಗಳ ಗುರುತಿಗೆ ತಾಯಿಯ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ಒಟ್ಟು ಖರ್ಚು ಎಂಟು ಪೌಂಡಿನ ಆಸುಪಾಸು. ಮುಂದೆ 'ಕ್ವೀನ್' ತಂಡದಲ್ಲಿ ಲೋಕಪ್ರಸಿದ್ಧನಾದ ಮೇಲೂ ಅದೇ ಗಿಟಾರನ್ನು ನುಡಿಸಿದ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದ್ದೂ ಅದನ್ನೇ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಾರ್ಸಿ ಮನೆತನದವನು. ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. ನಮ್ಮೂರಲ್ಲಿ ಅಗ್ಗಿಷ್ಟಿಕೆಗಳಿಲ್ಲ, ಪಕ್ಕಾಸುಗಳಿವೆ, ವ್ಯತ್ಯಾಸ ಅಷ್ಟೇ.

ಮರದ ಕೆಲಸ ಸರಾಗವಾಗಿ ಸಾಗಿತೆಂದಲ್ಲ. ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ದಂಡಿಯ ಮೇಲೆ ಬೀಳುವ ಎಳೆತ ಒಟ್ಟು ನಲವತ್ತೈದು ಕಿಲೋಗ್ರಾಮಿನಷ್ಟು. ಅರ್ಧ ಮೂಟೆ ಅಕ್ಕಿಗೆ ಹತ್ತಿರ. ಅದಕ್ಕೆ ಬಾಗದಿರಲೆಂದು ದಂಡಿಯೊಳಗೆ ಉಕ್ಕಿನ ಸಲಾಕೆಯನ್ನು ಹೂಳುವ ಉಪಾಯವನ್ನು 1920ರ ದಶಕದ ಆರಂಭದಲ್ಲಿ ಗಿಬ್ಸನ್ ಕಂಪೆನಿಯವರು ಕಂಡುಹಿಡಿದಿದ್ದರು. ಸಲಾಕೆಯ ತೋಡು ತೋಡಿ, ಬೀಟೆಯ ಹಲಗೆಯನ್ನು ಅಂಟಿಸಬೇಕೆಂದು ಹುಡುಗ ಹೊರಟಾಗ ಆಟಿ ತಿಂಗಳು. ನೆರೆಯ ಆಚಾರಿಯವರು ತಡೆದರು. ಎಂಥ ಹಳೆಯ ಮರವಾದರೂ ಆಟಿಯ ತಂಡಿಯನ್ನು ಕುಡಿಯುತ್ತದೆ, ಆಗ ಅಂಟಿಸಿದ್ದು ಸುಗ್ಗಿಯ ಬಿಸಿಲಿಗೆ ಬಾಯಿಬಿಡುತ್ತದೆ ಎಂಬುದು ಅವರ ಕಟ್ಟಪ್ಪಣೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಈ ಮಾತನ್ನು ಯಾವ ಅಮೆರಿಕದ ಪುಸ್ತಕವೂ ಹೇಳದು. ದೀಪಾವಳಿ ಕಳೆಯುವವರೆಗೆ ಮರ ಅಟ್ಟದಲ್ಲಿ ಮಲಗಿತು.

ಆ ಬಿಡುವಿನಲ್ಲಿ ತಾಮ್ರದ ಕೆಲಸ. ಇಲ್ಲೊಂದು ಸ್ವಾರಸ್ಯದ ತೊಡಕು ಎದುರಾಯಿತು. ಕೈಯಾರೆ ಪಿಕಪ್ ಸುತ್ತಹೊರಡುವ ಓದುಗರಿದ್ದರೆ ಇದನ್ನು ಗಮನಿಸಬೇಕು. ಅಮೆರಿಕದವರು ಇದಕ್ಕೆ ಬಳಸುವುದು '42ನೆಯ ನಂಬರಿನ' ಎನಾಮಲ್ ತಂತಿ. ನಮ್ಮೂರಲ್ಲಿ ನೀರೆತ್ತುವ ಪಂಪುಗಳ ಮೋಟಾರು ವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಹುಡುಗ 42 ಎಂದು ಕೇಳಿದ. ಅಂಗಡಿಯವರು 42 ಕೊಟ್ಟರು. ಸುತ್ತಿ ನೋಡಿದರೆ ಅರ್ಧ ಸುತ್ತುಗಳಿಗೇ ಅಚ್ಚು ತುಂಬಿತು; ನಾದ ಬಡಕಲು. ಆದದ್ದೇನೆಂದರೆ, ಅಮೆರಿಕದ ನಂಬರು ಬೇರೆ, ನಮ್ಮಲ್ಲಿ ಬ್ರಿಟಿಷರ ಕಾಲದಿಂದ ನಡೆದುಬಂದ ನಂಬರು ಬೇರೆ. ಅಮೆರಿಕದ 42 ಎಂದರೆ 0.063 ಮಿಲಿಮೀಟರು ದಪ್ಪ. ನಮ್ಮ 42 ಎಂದರೆ 0.10 ಮಿಲಿಮೀಟರು. ಅವರ 42ಕ್ಕೆ ಸಮೀಪವಾದದ್ದು ನಮ್ಮ 46. "ಸಾರ್, ನಂಬರು ನಂಬಿ ಕೆಟ್ಟೆ, ಇನ್ನು ದಪ್ಪ ಅಳೆದೇ ತರುತ್ತೇನೆ" ಎಂದು ಹುಡುಗ ನಕ್ಕ. ಸಂಖ್ಯೆ ಒಂದೇ, ಅರ್ಥ ಎರಡು. ತಂತಿ ಎಂಬ ಮಾತಿನ ಹಾಗೆಯೇ.

ಸರಿಯಾದ ತಂತಿ ಸಿಕ್ಕಿದ ಮೇಲೆ ಹೊಲಿಗೆ ಯಂತ್ರದ ಮೋಟಾರಿಗೆ ಅಚ್ಚನ್ನು ಸಿಕ್ಕಿಸಿ, ಬೆರಳುಗಳ ನಡುವೆ ಎಳೆಯನ್ನು ಹಿಡಿದು, ಎಂಟು ಸಾವಿರ ಸುತ್ತು ಸುತ್ತಿದ. ಬಿಚ್ಚಿ ಹಾಸಿದರೆ ಅದು ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಎರಡು ಸಲ ನಡುವೆಯೇ ಕಡಿಯಿತು. ಮೂರನೆಯ ಸಲ ಮುಗಿದು ಧ್ವನಿವರ್ಧಕಕ್ಕೆ ಜೋಡಿಸಿದಾಗ ಗಿಟಾರಿಗಿಂತ ಮೊದಲು ಕೇಳಿದ್ದು ಒಂದು ಗುಂಯ್‌ಗುಡುವಿಕೆ. ಅದು ಮನೆಯ ವಿದ್ಯುತ್ತಿನದೇ ದನಿ. ಸೆಕೆಂಡಿಗೆ ಐವತ್ತು ಸಲ ತೂಗುವ ಅದನ್ನು ಸುರುಳಿ ತನ್ನಷ್ಟಕ್ಕೆ ಹೀರಿಕೊಳ್ಳುತ್ತದೆ. ಇದಕ್ಕೆ ಮದ್ದನ್ನು 1955ರಲ್ಲಿ ಗಿಬ್ಸನ್ ಕಂಪೆನಿಯ ಸೆತ್ ಲವರ್ ಕಂಡಿದ್ದ. ಈತನೂ ರೇಡಿಯೋ ವಿದ್ಯೆಯವನೇ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ಅಯಸ್ಕಾಂತಗಳನ್ನೂ ತಲೆಕೆಳಗು ಮಾಡಿದರೆ, ಹೊರಗಿನ ಗುಂಯ್‌ಗಾರ ಒಂದನ್ನೊಂದು ಕೊಲ್ಲುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಂಡು ಬರುತ್ತದೆ. ನಮ್ಮ ಹುಡುಗ ಎರಡನೆಯ ಸುರುಳಿಗೆ ಇನ್ನೂ ಒಂದು ತಿಂಗಳು ಕುಳಿತ.

ಮೆಟ್ಟುಗಳ ಮಾತು ಬಂದಾಗ ನನಗೆ ಹೆಚ್ಚು ಉತ್ಸಾಹ. ಓದುಗರು ಕೊಂಚ ಸೈರಿಸಬೇಕು. ಕಿನ್ನರಿಯೆಂಬ ಮೆಟ್ಟಿನ ವಾದ್ಯ ನಮ್ಮ ನಾಡಿನಲ್ಲಿ ಬಹು ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬವನ ಹೆಸರೇ ಅವನ ವಾದ್ಯದ್ದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಕಿನ್ನರಿಯನ್ನು ಮಾಡುವ ಕ್ರಮವನ್ನು ವಿವರಿಸುವಾಗ, ಬಟ್ಟೆ ಸುಟ್ಟ ಮಸಿ ಬೆರೆಸಿದ ಮೇಣದಿಂದ ಮೆಟ್ಟುಗಳನ್ನು ಕೂರಿಸಬೇಕೆನ್ನುತ್ತಾನೆ. ಇಂದಿಗೂ ವೀಣೆಯ ಮೆಟ್ಟುಗಳು ನಿಂತಿರುವುದು ಮೇಣದ ಮೇಲೆಯೇ. ಮೇಣದ ಗುಣವೇನೆಂದರೆ ಅದು ತಿದ್ದುಪಡಿಗೆ ಒಪ್ಪುತ್ತದೆ. ಸ್ವರ ಎಳ್ಳಷ್ಟು ತಪ್ಪಿದರೆ ಮೇಣವನ್ನು ಬಿಸಿಮಾಡಿ ಮೆಟ್ಟನ್ನು ಸರಿಸಬಹುದು. ಕಿವಿ ಹೇಳಿದಂತೆ ಕೈ ಕೇಳುತ್ತದೆ.

ಗಿಟಾರಿನ ಮೆಟ್ಟು ಹಾಗಲ್ಲ. ಮರದಲ್ಲಿ ಗರಗಸದಿಂದ ಗೀರಿ, ಲೋಹದ ಪಟ್ಟಿಯನ್ನು ಬಡಿದು ಕೂರಿಸಿದರೆ ಮುಗಿಯಿತು. ಮತ್ತೆ ಸರಿಸಲು ಬಾರದು. ಆದುದರಿಂದ ಅಲ್ಲಿ ಕಿವಿಗಿಂತ ಮೊದಲು ಲೆಕ್ಕ. 1581ರಲ್ಲಿ ವಿಂಚೆಂಜೊ ಗೆಲಿಲಿ ಎಂಬ ಇಟಲಿಯ ಸಂಗೀತಗಾರ (ದೂರದರ್ಶಕದ ಗೆಲಿಲಿಯೋನ ತಂದೆ) ಒಂದು ಸುಲಭ ಸೂತ್ರ ಹೇಳಿದ್ದ: ಉಳಿದ ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ ಒಂದು ಪಾಲು ಬಿಟ್ಟು ಮುಂದಿನ ಮೆಟ್ಟು. ಹುಡುಗನ ಗಿಟಾರಿನಲ್ಲಿ ಕುದುರೆಯಿಂದ ಮೇರುವಿಗೆ 648 ಮಿಲಿಮೀಟರು. ನಾವಿಬ್ಬರೂ ಕಾಗದದ ಮೇಲೆ ಹಾಕಿ ನೋಡಿದೆವು. ಹದಿನೆಂಟರಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯ ಮೆಟ್ಟು, ಎಂದರೆ ಮೇಲಿನ ಷಡ್ಜ, ತಂತಿಯ ಸರಿ ಮಧ್ಯಕ್ಕೆ ಬೀಳಬೇಕಾದದ್ದು ಎರಡೂವರೆ ಮಿಲಿಮೀಟರಿನಷ್ಟು ಹಿಂದೆ ಬೀಳುತ್ತದೆ. ಹದಿನೆಂಟರ ಬದಲು 17.817 ಎಂದು ಹಿಡಿದರೆ ಸರಿಯಾಗಿ 324ಕ್ಕೆ ಬರುತ್ತದೆ. ಮೊದಲ ಮೆಟ್ಟು 36.4 ಮಿಲಿಮೀಟರಿಗೆ. ಈಗಿನವರೆಲ್ಲ ಬಳಸುವುದು ಈ ಎರಡನೆಯ ಲೆಕ್ಕವನ್ನೇ. ಬೀಟೆಯ ಹಲಗೆಗೆ ಗರಗಸ ಇಡುವ ಮುನ್ನ ಹುಡುಗ ಅಳತೆಯನ್ನು ಒಂದೊಂದು ಮೆಟ್ಟಿಗೂ ಮೇರುವಿನಿಂದಲೇ ಎಣಿಸಿ ಗುರುತು ಮಾಡಿದ. ಮೆಟ್ಟಿನಿಂದ ಮೆಟ್ಟಿಗೆ ಅಳೆದರೆ ಸಣ್ಣ ತಪ್ಪುಗಳು ಕೂಡಿ ದೊಡ್ಡದಾಗುತ್ತವೆ.

ಹೀಗೆ ಬಡಿದು ಕೂರಿಸಿದ ಸ್ವರಸ್ಥಾನಗಳಲ್ಲಿ ನಮ್ಮ ಸಂಗೀತದ ಗಮಕ ಬರುವುದೆಂತು? ಈ ಪ್ರಶ್ನೆ ನಮ್ಮ ಬಾನುಲಿಯಲ್ಲಿ ಒಮ್ಮೆ ಬಹು ತೀಕ್ಷ್ಣವಾಗಿ ಎದ್ದಿತ್ತು. ಹಾರ್ಮೋನಿಯಮ್ಮಿನ ಸ್ವರಗಳು ಕದಲಲಾರವೆಂಬ ಕಾರಣದಿಂದ 1940ರಲ್ಲಿ ಆ ವಾದ್ಯವನ್ನು ಆಕಾಶವಾಣಿಯಿಂದ ಬಹಿಷ್ಕರಿಸಲಾಯಿತು. ಬಿಗಿ ಸಡಿಲವಾದದ್ದು 1971ರಲ್ಲಿ. ಗಿಟಾರಿಗೂ ಅದೇ ಆಕ್ಷೇಪ ಹೊಂದುವುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹಾರ್ಮೋನಿಯಮ್ಮಿನ ನಾಲಗೆಯನ್ನು ಎಳೆಯಲಾಗದು, ತಂತಿಯನ್ನು ಎಳೆಯಬಹುದು. ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆ ಜಗ್ಗಿದರೆ ಸ್ವರ ಏರುತ್ತದೆ. ವೀಣೆಯವರು ಮಾಡುವುದೂ ಇದನ್ನೇ. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014) ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಕಿತ್ತೊಗೆದು, ಗಟ್ಟಿ ಒಡಲಿನ ಎಲೆಕ್ಟ್ರಿಕ್ ವಾದ್ಯಕ್ಕೆ ಐದೇ ಒಂಟಿ ತಂತಿಗಳನ್ನು ಕಟ್ಟಿ, ಎಳೆಯ ವಯಸ್ಸಿನಲ್ಲೇ ಕರ್ನಾಟಕ ಸಂಗೀತದ ರಸಿಕರನ್ನು ಒಲಿಸಿಕೊಂಡರು. ನಮ್ಮ ಕದ್ರಿ ಗೋಪಾಲನಾಥರಂತೂ ಇನ್ನೂ ಹತ್ತಿರದ ಸಾಕ್ಷಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಗಮಕಕ್ಕೆ ಒಗ್ಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೆ ಅದನ್ನು ಒಯ್ದರು. ಅವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಪರದೇಶದ ವಾದ್ಯವೊಂದು ನಮ್ಮದಾಗುವುದು ಯಾರಾದರೂ ಅದನ್ನು ಬಿಚ್ಚಿ ನೋಡುವ ಧೈರ್ಯ ಮಾಡಿದಾಗಲೇ ಎಂದು ನನಗೆ ತೋರುತ್ತದೆ.

ಇನ್ನು ಬೀಟೆಯ ವಿಷಯ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮಲಯಾಳದವರು 'ವೀಟ್ಟಿ', 'ಈಟ್ಟಿ' ಎನ್ನುವ ಮರವೇ ನಮ್ಮ ಬೀಟೆ. ಅವರ ವಕಾರ ನಮ್ಮಲ್ಲಿ ಬಕಾರವಾಗುವುದು ವ್ಯಾಕರಣ ಓದಿದವರಿಗೆ ಗೊತ್ತಿರುವುದೇ. ಕೊಡಗು, ಮಲೆನಾಡು, ವಯನಾಡುಗಳ ಘಟ್ಟದಲ್ಲಿ ನಿಧಾನವಾಗಿ ಬೆಳೆಯುವ ಈ ಮರದ ಕರಿಗೆಂಪು ತಿರುಳು ಲೋಹದಂತೆ ದನಿಗೊಡುತ್ತದೆ. ಮೈಸೂರಿನ ವೀಣೆಗೂ ಕೆತ್ತನೆಯ ಪೀಠೋಪಕರಣಕ್ಕೂ ಇದೇ ಬೇಕು. ಪಾಶ್ಚಾತ್ಯ ಗಿಟಾರು ತಯಾರಕರು ಮೊದಲು ನೆಚ್ಚಿಕೊಂಡದ್ದು ಬ್ರೆಜಿಲ್ ದೇಶದ ಇದರ ಸೋದರ ಮರವನ್ನು. ಅದು ಬರಿದಾಗುತ್ತ ಬಂದಾಗ ಅವರ ಕಣ್ಣು ನಮ್ಮ ಘಟ್ಟದ ಕಡೆ ತಿರುಗಿತು. ಅಮೆರಿಕದ ಮಾರ್ಟಿನ್ ಕಂಪೆನಿ 1969ರ ಕೊನೆಯಲ್ಲಿ ಭಾರತದ ಬೀಟೆಗೆ ಬದಲಾಯಿತು. ಫೆಂಡರ್ ಕಂಪೆನಿಯವರು ಬೆರಳ ಹಲಗೆಗೆ ಈ ಜಾತಿಯ ಮರವನ್ನು 1958ರ ಸುಮಾರಿಗೆ ಬಳಸಲಾರಂಭಿಸಿದ್ದರು. ಮುಂದಿನ ದಶಕದಲ್ಲಿ ಅವರಲ್ಲೂ ನಮ್ಮ ಬೀಟೆಯೇ ಬಂತು. ಅಂದಿನಿಂದ ಲೋಕದ ಮೂಲೆಮೂಲೆಯಲ್ಲಿ ಗಿಟಾರು ಹಿಡಿದ ಎಷ್ಟೋ ಲಕ್ಷ ಬೆರಳುಗಳು ಮುಟ್ಟುತ್ತಿರುವುದು ನಮ್ಮ ಘಟ್ಟದ ಮರವನ್ನು. ಹಲಗೆಯಾಗಿ ಹೋದದ್ದು ವಾದ್ಯವಾಗಿ ನೂರು ಪಟ್ಟು ಬೆಲೆ ಹೊತ್ತು ನಮ್ಮ ಅಂಗಡಿಗಳಿಗೆ ಮರಳಿತು; ಮಾಡುವ ಕಸಬು ಮಾತ್ರ ಅಲ್ಲೇ ಉಳಿಯಿತು. ಇದರಲ್ಲಿ ಅವರನ್ನು ದೂರುವುದಕ್ಕೇನೂ ಇಲ್ಲ. ಮರ ನಮ್ಮಲ್ಲಿತ್ತು, ವೀಣೆ ಮಾಡುವ ಕೈ ಇತ್ತು, ರೇಡಿಯೋ ಬಿಚ್ಚುವ ಮೇಷ್ಟರೂ ಇದ್ದರು. ಈ ಮೂವರೂ ಒಂದೇ ಜಗಲಿಯಲ್ಲಿ ಕೂಡಲಿಲ್ಲ.

ಈಗ ಮರವೇ ಕಡಮೆಯಾಗಿದೆ. ಬೀಟೆ ಅಳಿವಿನ ಅಪಾಯವುಳ್ಳ ಮರಗಳ ಪಟ್ಟಿಯಲ್ಲಿದೆ. ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದವೊಂದರ ಮೇರೆಗೆ ಬೀಟೆಯ ಕುಲದ ಎಲ್ಲ ಮರಗಳ ವ್ಯಾಪಾರಕ್ಕೂ ಕಟ್ಟುಪಾಡು ಬಂತು. ಗಡಿ ದಾಟುವ ಗಿಟಾರುಗಳಿಗೂ ಕಾಗದಪತ್ರ ಬೇಕಾಯಿತು. ಫೆಂಡರ್ ಕಂಪೆನಿಯವರು ಕೆಲವು ಬಗೆಯ ಗಿಟಾರುಗಳಲ್ಲಿ ಬೀಟೆಯನ್ನೇ ಬಿಟ್ಟು ದಕ್ಷಿಣ ಅಮೆರಿಕದ ಬೇರೊಂದು ಮರಕ್ಕೆ ಹೋದರು. ವಾದಕರು ಹುಯಿಲಿಟ್ಟ ಮೇಲೆ 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು, ಮರಕ್ಕೆ ದೊರೆಯಲಿಲ್ಲ.

ನನ್ನ ವಿದ್ಯಾರ್ಥಿಯ ಗಿಟಾರು ಮುಗಿದಾಗ ಹದಿನಾಲ್ಕು ತಿಂಗಳಾಗಿತ್ತು. ಒಳ್ಳೆಯ ವಾದ್ಯವೇ, ನಾಲ್ಕನೆಯ ತಂತಿಯೊಂದು ಮೇಲಿನ ಮೆಟ್ಟುಗಳಲ್ಲಿ ತುಸು ಝೇಂಕರಿಸುತ್ತದೆ. ಅದನ್ನು ಕೇಳಿದ ಇಬ್ಬರು ಮಿತ್ರರು ತಮಗೂ ಒಂದೊಂದು ಬೇಕೆಂದಿದ್ದಾರೆ. ಮಂಚಕ್ಕೆ ಇನ್ನು ಮೂರು ಕಾಲುಗಳಿವೆಯೆಂದು ಅವನು ತಮಾಷೆ ಮಾಡುತ್ತಾನಾದರೂ ಬೀಟೆಗೆ ಬದಲು ಹುಡುಕುವುದರಲ್ಲಿದ್ದಾನೆ. ಆಚಾರಿಯವರು ಬೈನೆ ಮರದ ಬುಡವನ್ನು ಸೂಚಿಸಿದ್ದಾರೆ. ನಮ್ಮ ತೋಟಗಳ ಅಂಚಿನಲ್ಲಿ ತಾನಾಗಿ ಏಳುವ ಈ ಮರದ ಹೊರಮೈ ಕಪ್ಪು, ಕಲ್ಲಿನಂತೆ ಗಟ್ಟಿ. ಹಳೆಯ ಮಾಡುಗಳಿಗೆ ಪಕ್ಕಾಸಾಗಿ ಹೋದದ್ದೂ ಉಂಟು. ನಾರು ಸೀಳುವುದೊಂದೇ ಅದರ ದೋಷ. ಮೆಟ್ಟಿನ ಗೀರು ಹಾಕುವಾಗ ಅಂಚು ಚಕ್ಕೆಯೇಳುತ್ತದೆಯೇ ಎಂಬುದನ್ನು ನೋಡಬೇಕು. ಮೂರಡಿ ಉದ್ದದ ಒಂದು ತುಂಡು ಅವರ ಅಟ್ಟದಲ್ಲಿ ಒಣಗುತ್ತಿದೆ. ಗರಗಸ ಇಡುವುದು ಈ ಸಲದ ಮಳೆ ಕಳೆದ ಮೇಲೆ.